ಈರಮ್ಮ ಹತ್ತಿದ ಮಾನ್ವಿ ಬಸ್ಸು

ಉದ್ದೇಶವಿಲ್ಲದೆ ಬದುಕುವುದು ಸುಲಭ. ಇದ್ದ ಉದ್ದೇಶವನ್ನು ಬರೆದು ಕೊಡಿ ಎಂದರೆ ಮಾತ್ರ ನನ್ನಂಥವನಿಗೆ ಬೆವರು ಬರುತ್ತದೆ. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಅಕ್ಕಿ ಗಿರಣಿಯೊಂದರ ಹಿಂದೆ, ಸಂಜೆ ಕೂಲಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಪಾಠ ಟಿಪ್ಪಣಿಯಲ್ಲಿ ದಿನಾ ಒಂದೇ ಉದ್ದೇಶ: 'ಅಕ್ಷರದ ಮಹತ್ವವನ್ನು ತಿಳಿದುಕೊಳ್ಳುವರು.' ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಮಹತ್ವಕ್ಕೂ.

ತಪಾಸಣೆಗೆ ಬಂದ ವಯಸ್ಕರ ಶಿಕ್ಷಣದ ಸೂಪರ್‌ವೈಸರ್ ಸಾಹೇಬರು ಕೆಂಪು ಪೆನ್ಸಿಲಿನಿಂದ ಅದನ್ನು ಹೊಡೆದು ಹಾಕಿದರು. "ತಿಳ್ಕೊಂಡದ್ದು ಕಣ್ಣಿಗಿ ಹೆಂಗ ಕಾಣತದ್ರಿ ಮಾಸ್ತರ? ಕಾಣೂದು ಬರೀರಿ. ಎರಡು ತಿಂಗಳಿಗೆ ಬಂದು ನೋಡ್ತೀನಿ. ಕಾಣಲಿಲ್ಲಂದ್ರ ಕ್ಲಾಸು ಬಂದ್!"

ಕಂಗಾಲಾಗಿ, ಅಕ್ಷರ ಕಲಿತು ಏನು ಮಾಡಬೇಕೆಂದಿದ್ದೀರಿ ಎಂದು ಹೆಂಗಸರನ್ನೇ ಕೇಳಿದೆ. ಹಿರಿಯಳಾದ ಈರಮ್ಮ ಹೇಳಿದಳು: "ಮಗಳನ್ನ ಮಾನ್ವಿಗಿ ಕೊಟ್ಟೀನ್ರೀ ಯಪ್ಪಾ. ಬಸ್ ಯಾವುದಂತ ಕೇಳಿದ್ರ, ಬೋರ್ಡು ಕಾಣಂಗಿಲ್ಲೇನಬೇ ಅಂತ ನಗತಾರ. ಒಮ್ಮಿ ಯಾರನ್ನೂ ಕೇಳದ ಹೋಗಬೇಕು ನೋಡ್ರಿ."

ಬರೆದೆ: 'ಈರಮ್ಮ ಯಾರನ್ನೂ ಕೇಳದೆ, ಬೋರ್ಡು ಓದಿ, ಮಾನ್ವಿ ಬಸ್ಸು ಹತ್ತುವಳು.' ಶಿಲಾಶಾಸನ ಕೆತ್ತಿದಷ್ಟು ತೃಪ್ತಿಯಾಯಿತು. ಎರಡು ತಿಂಗಳು ಗಿರಣಿಯ ಗೋಡೆಯ ತುಂಬ 'ಮಾನ್ವಿ'ಯೇ.

ಪರೀಕ್ಷೆಯ ದಿನ ಸಾಹೇಬರೂ ನಾನೂ ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ಕಳ್ಳರಂತೆ ನಿಂತೆವು. ಈರಮ್ಮ ಒಂದೊಂದೇ ಬಸ್ಸಿನ ಮುಂದೆ ನಿಂತು ತುಟಿ ಆಡಿಸಿದಳು. ಕೊನೆಗೆ 'ಮಾನ್ವಿ' ಎಂದಿದ್ದ ಬಸ್ಸನ್ನು ರಾಣಿಯಂತೆ ಹತ್ತಿದಳು. ಸಾಹೇಬರು ಅಲ್ಲೇ 'ಉದ್ದೇಶ ಈಡೇರಿದೆ' ಎಂದು ಬರೆದು ಸಹಿ ಹಾಕಿದರು. ಕ್ಲಾಸು ಉಳಿಯಿತು. ಇಬ್ಬರೂ ಚಹಾ ಕುಡಿದೆವು.

ಮೂರನೆಯ ದಿನ ಈರಮ್ಮ ಬಂದಳು. "ಆ ಬಸ್ಸು ದೇವದುರ್ಗಕ್ಕ ಹ್ವಾತ್ರಿ!"

ಡ್ರೈವರ್ ಹಿಂದಿನ ಟ್ರಿಪ್ಪಿನ ಬೋರ್ಡನ್ನು ಬದಲಿಸಿರಲಿಲ್ಲವಂತೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ "ಇದು ದೇವದುರ್ಗ ಗಾಡಿ, ಇಳೀಬೇ" ಎಂದರೆ ಇವಳು, "ಬೋರ್ಡಿನ್ಯಾಗ ಮಾನ್ವಿ ಅಂತದ, ಮಾನ್ವಿಗೇ ಒಯ್ಯಿ" ಎಂದು ಜಗಳ ತೆಗೆದು, ಇಳಿಯದೆ ದೇವದುರ್ಗದ ತನಕ ಹೋಗಿದ್ದಳು. ಅಲ್ಲಿ ಡ್ರೈವರನ ಕೈಯಿಂದಲೇ ಬೋರ್ಡು ಬದಲಿ ಮಾಡಿಸಿದ ಮೇಲೆ, ಮಾನ್ವಿಯ ಬೇರೆ ಬಸ್ಸನ್ನು ತಾನೇ ಓದಿ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಮಗಳ ಮನೆ ಸೇರಿದ್ದಳು.

"ಎಲ್ಲಿ, ಏನು ಬರದೀರಿ ತೋರಸ್ರಿ" ಎಂದು ನನ್ನ ಟಿಪ್ಪಣಿ ಪುಸ್ತಕ ಕಸಿದುಕೊಂಡಳು. ಬೆರಳಿಟ್ಟು ಅಕ್ಷರ ಅಕ್ಷರ ಓದಿ ತಲೆಯಲ್ಲಾಡಿಸಿದಳು. "ಹತ್ತೂದು ಬರದೀರಿ ಮಾಸ್ತರ. ಮಾನ್ವಿ ಮುಟ್ಟೂದು ಬರದೇ ಇಲ್ಲಲ್ಲ!"

ಉದ್ದೇಶ ಬರೆಯುವುದು ಹೇಗೆಂದು ಆ ಕ್ಷಣ ನಾನು ಚೆನ್ನಾಗಿ ತಿಳಿದುಕೊಂಡೆ. ಆದರೆ ತಿಳಿದುಕೊಂಡದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಸಾಹೇಬರ ನಿಯಮದ ಪ್ರಕಾರ ಅದನ್ನು ಎಲ್ಲೂ ಬರೆದಿಡಲಿಲ್ಲ.