ನಾನು ಕಲಿಸಿದ ಮಹಾಯುದ್ಧಗಳು

ಪ್ರಪಂಚದ ಆಧುನಿಕ ಚರಿತ್ರೆ ಪಾಠ ಮಾಡುವವರಿಗೆ ಒಂದು ಶಾಪವಿದೆ. ಪಾಠ ಯಾವ ಖಂಡದಲ್ಲಿ ಶುರುವಾದರೂ ಗಂಟೆ ಹೊಡೆಯುವಷ್ಟರಲ್ಲಿ ಯಾರದೋ ಮನೆ ಜಗಲಿಗೆ ಬಂದು ಕೂತಿರುತ್ತದೆ. ನಾನು ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕಿ. ವಾರದಲ್ಲಿ ಮೂರು ದಿನ ಶಿಕಾರಿಪುರ, ಮೂರು ದಿನ ಸೊರಬ. ಬೇಸಿಗೆ ಬಂತೆಂದರೆ ನನ್ನನ್ನು ಬಿಡಿಸುತ್ತಾರೆ, ಮಳೆಗಾಲಕ್ಕೆ ಮತ್ತೆ ಕರೆಯುತ್ತಾರೆ. ಮಳೆಗಾಲಕ್ಕೆ ಬಂದು ಹೋಗುವ ಗುಡವಿ ಕೆರೆಯ ಹಕ್ಕಿಗಳಿಗೂ ನನಗೂ ವ್ಯತ್ಯಾಸ ಇಷ್ಟೇ: ಅವುಗಳನ್ನು ನೋಡೋಕೆ ಜನ ಬರುತ್ತಾರೆ. ನನ್ನ ಕ್ಲಾಸಿಗೆ ಬರುವವರು ಏಳೆಂಟು ಮಂದಿ.

ಹದ್ದುಬಸ್ತು

ಸೊರಬದಲ್ಲಿ ಒಂದು ಟೆಸ್ಟ್ ಕೊಟ್ಟಿದ್ದೆ. ಪ್ರಶ್ನೆ: ಮೊದಲ ಮಹಾಯುದ್ಧಕ್ಕೆ ಕಾರಣಗಳೇನು? ಹೊಸಬಾಳೆಯಿಂದ ಬರುವ ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದ:

"ಆಸ್ಟ್ರಿಯಾ ಮತ್ತು ಸರ್ಬಿಯಾ ಅಕ್ಕಪಕ್ಕದ ಜಮೀನಿನವರು. ಹದ್ದುಬಸ್ತು ಆಗಿರಲಿಲ್ಲ, ಗಡಿಕಲ್ಲು ನೆಟ್ಟಿರಲಿಲ್ಲ. ಒಂದು ದಿನ ಆ ಮನೆಯ ಮಗನನ್ನು ಈ ಕಡೆಯವನೊಬ್ಬ ಹೊಡೆದು ಹಾಕಿದ. ಆಮೇಲೆ ಎರಡೂ ಕಡೆ ನೆಂಟರು ಸೇರಿಕೊಂಡರು. ನೆಂಟರು ಸೇರಿದ ಮೇಲೆ ಜಗಳ ಯಾರದು ಅನ್ನುವುದೇ ಮರೆತುಹೋಯಿತು."

ಓದಿ ನಕ್ಕೆ. ನಕ್ಕಾದ ಮೇಲೆ, ಇದರಲ್ಲಿ ತಪ್ಪೇನಿದೆ ಅಂತ ಹುಡುಕಿದೆ. ಸಿಗಲಿಲ್ಲ. ಅವನನ್ನೇ ಕರೆದು ಕೇಳಿದೆ: "ಇದು ಯಾವ ಪುಸ್ತಕದಲ್ಲಿ ಐತಪ್ಪ?"

"ಪುಸ್ತಕ ಅಲ್ಲ ಮೇಡಂ, ನಮ್ಮನೆ."

ಅವನ ದೊಡ್ಡಪ್ಪನನ್ನು ಗದ್ದೆಯ ಬದುವಿನ ಮೇಲೆ ದಾಯಾದಿಗಳು ಕೊಡಲಿಯಲ್ಲಿ ಹೊಡೆದಿದ್ದರು. ಆಸ್ಪತ್ರೆ ಮುಟ್ಟಿಸುವ ಮೊದಲೇ ಜೀವ ಹೋಗಿತ್ತು. ಇವನಿಗೆ ಆಗ ಹನ್ನೊಂದು ವರ್ಷ.

"ಕೇಸು ಏನಾಯ್ತು?" ಅಂದೆ.

"ನಡೀತಾ ಐತೆ ಮೇಡಂ. ಆ ದೇಶದೋರು ಸುಮ್ನೆ ದುಡುಕಿದ್ರು. ಕೋರ್ಟಿಗೆ ಹೋಗಿದ್ರೆ ಮಹಾಯುದ್ಧ ಇನ್ನೂ ಶುರುನೇ ಆಗ್ತಿರಲಿಲ್ಲ. ತಾರೀಖು ಸಿಗ್ಬೇಕಲ್ಲ!"

ಅರ್ಧ ಅಂಕ

ಇದು ಶಿಕಾರಿಪುರದ್ದು. ಎರಡನೇ ಮಹಾಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಒಬ್ಬಳು ಒಂದು ಕೋಟಿ ಕಡಿಮೆ ಬರೆದಿದ್ದಳು. ಅರ್ಧ ಅಂಕ ಕಳೆದೆ. ಪೇಪರ್ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದಳು.

"ಒಂದು ಕೋಟಿ ಜನಕ್ಕೆ ಅರ್ಧ ಮಾರ್ಕೇನ್ರಿ ಮೇಡಂ?"

"ಹೌದಮ್ಮ, ಕಾಗುಣಿತ ತಪ್ಪಿದ್ರೂ ಅಷ್ಟೇ ಕಳೀತೀನಿ" ಅಂದೆ. ಹಾಗಂದ ಮೇಲೆ ಆ ದಿನ ಊಟದ ಡಬ್ಬಿ ತೆಗೆಯೋಕೆ ಮನಸ್ಸಾಗಲಿಲ್ಲ.

ಅಲಿಪ್ತ ರಾಷ್ಟ್ರ

ಶೀತಲ ಸಮರದ ಪಾಠ. ಎರಡು ದೊಡ್ಡ ದೇಶಗಳು ನೇರವಾಗಿ ಹೊಡೆದಾಡುವುದಿಲ್ಲ, ಆದರೆ ಮಾತೂ ಆಡುವುದಿಲ್ಲ. ಎರಡೂ ಕಡೆ ಸೇರದೆ ನಡುವೆ ನಿಂತ ದೇಶಗಳಿಗೆ ಅಲಿಪ್ತ ರಾಷ್ಟ್ರಗಳು ಅಂತಾರೆ ಅಂತ ಹೇಳಿದೆ. ಸೊರಬದ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ ಕೈ ಎತ್ತಿದಳು.

"ಹಂಗಾರೆ ನಾನು ಅಲಿಪ್ತ ರಾಷ್ಟ್ರ ಮೇಡಂ. ನಮ್ಮಪ್ಪ ಅಮ್ಮ ಮಾತಾಡಿ ನಾಲ್ಕು ವರ್ಷ ಆತು. ಒಂದೇ ಮನೆ, ಒಂದೇ ಒಲೆ. 'ನಿಮ್ಮಪ್ಪಂಗೆ ಹೇಳು, ಊಟಕ್ಕಾಗೈತಿ.' 'ನಿಮ್ಮಮ್ಮಂಗೆ ಹೇಳು, ಹಸಿವಿಲ್ಲ.' ಇಬ್ಬರ ನಡುವೆ ನಾನು."

ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು. ಆಮೇಲೆ ಎರಡು ವಾರ ಬರಲೇ ಇಲ್ಲ. ಒಂದು ದಿನ ಟಿ.ಸಿ. ತಗೊಳ್ಳೋಕೆ ಆಫೀಸಿಗೆ ಬಂದವಳು ನನ್ನನ್ನು ಕಂಡು ನಿಂತಳು. ಕೈಯಲ್ಲಿ ಮದುವೆ ಕಾಗದ ಇತ್ತು.

"ಶೀತಲ ಸಮರ ಮುಗೀತು ಮೇಡಂ. ನಾಲ್ಕು ವರ್ಷದಾಗೆ ಮೊದಲ ಸಲ ಇಬ್ಬರೂ ಎದುರುಬದುರು ಕೂತು ಮಾತಾಡಿದ್ರು. ಒಂದೇ ವಿಷಯಕ್ಕೆ ಒಪ್ಪಂದ ಆತು."

"ಏನಂತ?"

"ಇವಳು ಓದಿದ್ದು ಸಾಕು ಅಂತ."

ಮನೆಗೆ ಹೋಗಿ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದೆ. ಹೋಗಿಯೂ ಬಂದೆ. ಅವರಪ್ಪ ಕಾಫಿ ಕೊಡಿಸಿ, ಗೌರವದಿಂದ ಕೇಳಿದರು: "ನೀವು ಇಷ್ಟೆಲ್ಲ ಓದೀರಲ್ಲ ಮೇಡಂ, ನಿಮ್ಮ ಕೆಲಸ ಪರ್ಮನೆಂಟ್ ಆತೇನ್ರಿ?" ಕಾಫಿ ಕುಡಿದು ಎದ್ದು ಬಂದೆ.

ಅಳಿಯ

ದೂರದ ಕೊಲ್ಲಿ ದೇಶಗಳ ಮೇಲೆ ಕ್ಷಿಪಣಿ ಹಾರುತ್ತಿದ್ದ ದಿನಗಳು. ಶಿಕಾರಿಪುರದ ಸ್ಟಾಫ್ ರೂಮಿಗೆ ಪೇಟೆಯ ಟೈಲರ್ ಸಾಹೇಬರು ಬಂದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಮಗ ಅಲ್ಲಿ ಎಲೆಕ್ಟ್ರಿಷಿಯನ್. ಐದು ದಿನದಿಂದ ಅವನ ಫೋನ್ ಇಲ್ಲ. ಟೇಪು ಇನ್ನೂ ಕೊರಳಲ್ಲೇ ಇತ್ತು.

"ಮೇಡಂ, ನೀವು ಯುದ್ಧದ್ದೇ ಪಾಠ ಮಾಡ್ತೀರಂತ ಹುಡುಗಿ ಹೇಳ್ತು. ಇದು ಯಾವಾಗ ನಿಲ್ತೈತ್ರಿ?"

"ಗೊತ್ತಿಲ್ಲ ಸಾಹೇಬ್ರೇ. ನಾವು ಮುಗಿದ ಯುದ್ಧಗಳನ್ನಷ್ಟೇ ಓದೋದು."

ಅವರು ಕೊರಳ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡರು. "ಅಂದ್ರೆ ಎಲ್ಲಾ ಮುಗಿದಾವೆ ಅಂದಂಗಾಯ್ತಲ್ರಿ?"

"ಹೌದು... ಇಲ್ಲೀತನಕ ಓದಿದ್ದೆಲ್ಲ ಮುಗಿದಾವೆ."

"ಅಷ್ಟು ಸಾಕ್ರಿ" ಎಂದು ಕಣ್ಣೊರೆಸಿಕೊಂಡು ಹೋದರು. ಮೂರನೇ ದಿನ ಮಗನ ಫೋನ್ ಬಂತು, ತಿಂಗಳೊಳಗೆ ಮಗನೇ ಬಂದ. ಒಂದು ಕಿವಿ ಕೇಳಿಸುವುದಿಲ್ಲ, ಬಾಗಿಲು ಜೋರಾಗಿ ಬಡಿದರೆ ಮಂಚದ ಕೆಳಗೆ ಕೂರುತ್ತಾನೆ. ಆದರೂ ಬಂದನಲ್ಲ! ಸಾಹೇಬರು ನನಗೊಂದು ರವಿಕೆ ಹೊಲಿದುಕೊಟ್ಟರು. ಅಷ್ಟಕ್ಕೇ ಬಿಡದೆ, 'ಕಾಲೇಜಿನ ಚರಿತ್ರೆ ಮೇಡಂ ಮೊದಲೇ ಹೇಳಿದ್ರು' ಅಂತ ಅಂಗಡಿಗೆ ಬಂದವರಿಗೆಲ್ಲ ಸಾರಿದರು.

ಅಲ್ಲಿಂದ ಶುರುವಾಯಿತು. ಕ್ಲಾಸಿನಲ್ಲಿ ಏಳು ಜನ, ಸ್ಟಾಫ್ ರೂಮಿನ ಹೊರಗೆ ಹತ್ತು ಜನ. ಕಳೆದುಹೋದ ಎಮ್ಮೆ ಸಿಗುತ್ತಾ, ಪಹಣಿ ತಿದ್ದುಪಡಿ ಯಾವಾಗ ಆಗುತ್ತೆ, ಇಂಥವೇ. ನಾನು ಜ್ಯೋತಿಷಿ ಅಲ್ಲ, ನನಗೆ ಗೊತ್ತಿರುವುದು ಹಳೇ ಕಥೆ ಮಾತ್ರ ಅಂತ ಹೇಳಿ ಹೇಳಿ ಕಳಿಸುತ್ತಿದ್ದೆ.

ಕೊನೆಗೆ ಒಬ್ಬ ಮುದುಕರು ಬಂದರು. ಮನೆ ಅಳಿಯ ದಿನಾ ಕುಡಿದು ಬಂದು ಹೊಡೆಯುತ್ತಾನಂತೆ; ಇವರು ತಮ್ಮದೇ ಮನೆಯ ಕೊಟ್ಟಿಗೆಯಲ್ಲಿ ಮಲಗುತ್ತಾರಂತೆ. ಹಣೆಯ ಮೇಲೆ ಹಸಿ ಗಾಯ ಕಾಣುತ್ತಿತ್ತು.

"ಅವ ಯಾವಾಗ ಮನೆ ಬಿಟ್ಟು ಹೋಗ್ತಾನವ್ವ?"

"ಅಜ್ಜ, ನಾನು ಭವಿಷ್ಯ ಹೇಳೋಳಲ್ಲ. ನನಗೆ ಗೊತ್ತಿರೋದು, ಬ್ರಿಟಿಷರು ಹೋಗೋಕೆ ಇನ್ನೂರು ವರ್ಷ ಹಿಡೀತು ಅನ್ನೋದು. ನೀವು ಪೊಲೀಸ್ ಸ್ಟೇಷನ್ನಿಗೆ ನಡೀರಿ, ನಾನೂ ಬರ್ತೀನಿ."

ಮುದುಕರು ನೆಟ್ಟಗೆ ಕೂತರು. "ಬ್ರಿಟಿಷರ ವಿಷಯ ನಂಗೆ ಹೇಳ್ತೀಯೇನವ್ವ? ನಾವು ಈಸೂರಿನೋರು! ದೇಶಕ್ಕೆ ಸ್ವಾತಂತ್ರ್ಯ ಬರೋಕೆ ಐದು ವರ್ಷ ಮೊದ್ಲೇ 'ನಮ್ಮೂರು ಬಿಟ್ಟು ಹೋಗ್ರಿ' ಅಂದೋರು." ಒಂದು ಕ್ಷಣ ಗಾಯ ಮುಟ್ಟಿ ನೋಡಿಕೊಂಡರು. "ಆದ್ರೆ ಒಂದು ಮಾತು ಐತಿ. ಬ್ರಿಟಿಷರಿಗೆ ನಾವು ಹೆಣ್ಣು ಕೊಟ್ಟಿರಲಿಲ್ಲ."