ಮುಂದಿನ ಸಾಲಿನ ಪಿಟ್ಸೊ

ಹಿಂದಿನ ಊರಿನಲ್ಲಿ ಪಿಟ್ಸೊನ ನಾಟಕಕ್ಕೆ ಬಂದ ಪ್ರೇಕ್ಷಕ ಒಬ್ಬನೇ. ಅವನೂ ಸಭಾಂಗಣಕ್ಕೆ ಬೀಗ ಹಾಕಲು ಕಾಯುತ್ತಿದ್ದವನು. ಅದಕ್ಕೂ ಹಿಂದಿನ ಊರಿನಲ್ಲಿ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಹೊರಗಿನ ಚಳಿಗಾಳಿ ನಿಂತ ಕೂಡಲೇ ಎದ್ದು ಹೋದರು.

ಪಿಟ್ಸೊ ಕೆಟ್ಟ ನಟನೇನಲ್ಲ. ನಾಟಕವನ್ನೂ ಕೆಟ್ಟದ್ದು ಅನ್ನುವ ಹಾಗಿರಲಿಲ್ಲ. ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ದುಡಿದು, ಎದೆ ತುಂಬ ದೂಳು ತುಂಬಿಕೊಂಡು ಮನೆಗೆ ಬಂದು ಸತ್ತ ತನ್ನ ಅಪ್ಪನ ಬಗ್ಗೆ ಅವನೇ ಬರೆದದ್ದು. ರಂಗದ ಮೇಲೆ ಅಪ್ಪನ ಖಾಲಿ ಕುರ್ಚಿ, ಅದರ ಎದುರು ನಿಂತು ಮಾತಾಡುವ ಮಗ, ಅಷ್ಟೇ. ಕೊನೆಯಲ್ಲಿ ಮಗ ಆ ಕುರ್ಚಿಗೆ ಒಂದು ಮಾತು ಹೇಳುತ್ತಾನೆ. ಆ ಒಂದು ಮಾತು ಸರಿಯಾಗಿ ಕೂರುವಷ್ಟರಲ್ಲಿ ಪಿಟ್ಸೊಗೆ ಒಂದು ಇಡೀ ಚಳಿಗಾಲ ಕಳೆದಿತ್ತು. ಅದನ್ನು ಇದುವರೆಗೆ ಕೇಳಿದವನು ಬೀಗದವನೊಬ್ಬನೇ. ಕೇಳಿ, "ಮುಗೀತಾ?" ಅಂದಿದ್ದ.

ಲೆರಾಲೆಂಗ್ ಅವನ ತಿರುಗಾಟದ ಕೊನೆಯ ಊರು. ಅಲ್ಲಿನ ಕಲಾ ಉತ್ಸವಕ್ಕೆ ಬಂದ ದೊಡ್ಡ ಕಂಪನಿಗಳೆಲ್ಲ ಪುರಭವನದಲ್ಲಿ ಆಡುತ್ತಿದ್ದವು. ಪಿಟ್ಸೊನಂಥವರಿಗೆ ಸಿಗುತ್ತಿದ್ದುದು ಉತ್ಸವದ ಅಂಚು: ಶಾಲೆಯ ಕೊಠಡಿ, ಚರ್ಚಿನ ಹಾಲು, ಮಾಂಸದಂಗಡಿಯ ಹಿಂದಿನ ಗೋದಾಮು. ಅದಕ್ಕೆ ಫ್ರಿಂಜ್ ಎಂದು ಹೆಸರು. ಮುಂದಿನ ಮೂರು ಊರುಗಳ ಫ್ರಿಂಜ್‌ಗೆ ಆಟಗಳನ್ನು ಆರಿಸಲು ಎಲ್ಲರೂ ಮ್ಮೆ, ಅಂದರೆ ಅಮ್ಮ, ಎಂದು ಕರೆಯುವ ಪುಸೆಲೆಟ್ಸೊ ಎಂಬ ಹೆಂಗಸು ಬಂದಿದ್ದಾಳೆಂದು ಸುದ್ದಿ ಹಬ್ಬಿತ್ತು. ಅವಳು ಆರಿಸದಿದ್ದರೆ ಪಿಟ್ಸೊ ಊರಿಗೆ ಹೋಗಿ ಭಾವನ ಟಯರ್ ಅಂಗಡಿಯಲ್ಲಿ ನಿಲ್ಲಬೇಕು. ಭಾವ ಅವನಿಗಾಗಿ ಆಗಲೇ ಒಂದು ನೀಲಿ ಅಂಗಿ ಹೊಲಿಸಿಟ್ಟು, ಜೇಬಿನ ಮೇಲೆ ಹೆಸರನ್ನೂ ಹಾಕಿಸಿದ್ದ.

ಅಂದು ಬೆಳಿಗ್ಗೆ ಅವನು ತಂಗಿದ್ದ ಮನೆಯ ಒಡತಿ ಮ್ಮೆ ಮಾತ್ಶೆದಿಸೊ ಎಣ್ಣೆಯಲ್ಲಿ ಕರಿದ ಬಿಸಿ ಮಾಗ್ವಿನ್ಯಾ ಉಂಡೆಗಳನ್ನು ಮುಂದಿಟ್ಟು, ಕೇಳದೆಯೇ ಎದುರು ಕೂತಳು.

"ಯಾಕಪ್ಪ ಹಿಂಗಿದೀಯ? ಮುಖ ನೋಡಿದ್ರೆ ಹೆಣ ಇಳಿಸಿ ಬಂದೋನ ಥರ ಇದೆ."

"ಇವತ್ತು ಸಂಜೆ ನನ್ನ ಆಟ, ಮ್ಮೆ. ಯಾರೂ ಬರಲ್ಲ."

"ಬರಲ್ಲ," ಎಂದು ಆಕೆ ಒಪ್ಪಿದಳು. "ಈ ಊರೋರಿಗೆ ಶನಿವಾರ ಬಂತು ಅಂದ್ರೆ ಸಾವಿನ ಮನೆ, ಇಲ್ಲ ಫುಟ್ಬಾಲು. ಇಲ್ಲಿ ಆಟ ನೋಡೋರು ಯಾರು ಗೊತ್ತಾ? ಆಟ ಆಡೋರೇ. ನೀನು ಅವರದ್ದಕ್ಕೆ ಹೋಗಿ ಕೂತ್ಕೋ, ಅವರು ನಿಂದಕ್ಕೆ ಬಂದು ಕೂತ್ಕೋತಾರೆ. ಮದುವೆ ಮನೆ ಮುಯ್ಯಿ ಇದ್ದಂಗೆ."

ಪಿಟ್ಸೊ ಯೋಚಿಸುತ್ತೇನೆ ಅನ್ನುವಷ್ಟರಲ್ಲಿ ಆಕೆ ಬೇಲಿಯ ಹತ್ತಿರ ಹೋಗಿ ನಿಂತಾಗಿತ್ತು. "ಏಯ್ ಫಾಕಿಸೊ, ನಮ್ಮ ಹುಡುಗ ನಿನ್ನ ಆಟಕ್ಕೆ ಬರ್ತಾನಂತೆ. ದಿಸೆಬೊಗೂ ಹೇಳು. ಆ ಹಾಡೋ ಮುದುಕರಿಗೂ ಹೇಳು. ಸಾಯಂಕಾಲ ನೀವೆಲ್ಲ ಚರ್ಚಿನ ಹಾಲಿಗೆ ಇವನ ಆಟಕ್ಕೆ ಬರಬೇಕು, ತಪ್ಪಿಸಂಗಿಲ್ಲ."

ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಫಾಕಿಸೊ ಬಾಯಿಯ ನೊರೆ ಉಗುಳಿ, "ಈಗಲೇ ಶುರು ಮಾಡ್ತೀನಿ, ಬಾ ಅಬುತಿ, ಬಾರಣ್ಣ," ಎಂದ.

ಫಾಕಿಸೊ ನಗೆಗಾರ. ಶಾಲೆಯ ಕೊಠಡಿಯೊಂದರಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ತನ್ನ ಅತ್ತೆಯ ಬಗ್ಗೆ ಹೇಳುವುದೇ ಅವನ ಆಟ. ಮಕ್ಕಳ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೂತ ಪಿಟ್ಸೊನನ್ನು ಬಿಟ್ಟರೆ ಅಲ್ಲಿ ಇದ್ದವಳು ಹಿಂದಿನ ಮೂಲೆಯಲ್ಲಿ ಬೂದು ಕಂಬಳಿ ಹೊದ್ದು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಒಬ್ಬ ಹೆಂಗಸು ಮಾತ್ರ.

"ನಮ್ಮತ್ತೆ ನಮ್ಮನೆಗೆ ಎರಡು ದಿನಕ್ಕೆ ಅಂತ ಬಂದ್ರು," ಎಂದ ಫಾಕಿಸೊ. "ಈಗ ನಮ್ಮನೆ ನಾಯಿ ಅವರ ಹೆಸರಿಗೇ ಬಾಲ ಆಡಿಸುತ್ತೆ, ನನ್ನ ನೋಡಿದ್ರೆ ಬೊಗಳುತ್ತೆ."

ಕೊಠಡಿಯಲ್ಲಿ ನೊಣ ಹಾರಿದ್ದು ಕೇಳಿಸಿತು. ಫಾಕಿಸೊ ಪಿಟ್ಸೊನ ಕಡೆ ನೋಡಿದ. ಆ ನೋಟ ಪಿಟ್ಸೊಗೆ ಚೆನ್ನಾಗಿ ಗೊತ್ತಿತ್ತು. ಬೀಗದವನನ್ನು ತಾನು ನೋಡಿದ್ದೂ ಹಾಗೆಯೇ. ಪಿಟ್ಸೊ ನಕ್ಕ. ಮೊದಲು ಸಣ್ಣಗೆ, ಆಮೇಲೆ ಫಾಕಿಸೊನ ಮುಖ ಅರಳಿದ್ದು ಕಂಡು ಜೋರಾಗಿ. ಕೊನೆಕೊನೆಗೆ ಅವನು ಬೆಂಚು ಕುಟ್ಟಿ, ಹೊಟ್ಟೆ ಹಿಡಿದು, ಹಳೇ ಟ್ರ್ಯಾಕ್ಟರು ಚಳಿಯಲ್ಲಿ ಶುರುವಾದ ಹಾಗೆ ನಗುತ್ತಿದ್ದ. ಆಟ ಮುಗಿದು ಹೊರಗೆ ಬಂದಾಗ ಗಂಟಲು ಸ್ವಲ್ಪ ಉರಿಯುತ್ತಿತ್ತು.

ಫಾಕಿಸೊ ಕಿವಿಯಲ್ಲಿ ಉಸುರಿದ. "ಹಿಂದೆ ಕೂತಿದ್ದಳಲ್ಲ, ಅವಳೇ ಮ್ಮೆ ಪುಸೆಲೆಟ್ಸೊ. ನೀನು ನಕ್ಕಿದ್ದಕ್ಕೆ ಅವಳೂ ಒಂದ್ಸಲ ತುಟಿ ಅಲುಗಿಸಿದ್ಳು. ದೇವರಂಗೆ ಬಂದೆ ಕಣೋ."

ಬಾಗಿಲಲ್ಲೇ ದಿಸೆಬೊ ಕಾಯುತ್ತಿದ್ದಳು. ಆಕೆ ಹೊಗಳುಪದಗಳ ಕವಿ. ಪಿಟ್ಸೊನ ತೋಳು ಹಿಡಿದು ಸೀದಾ ಮಾಂಸದಂಗಡಿಯ ಗೋದಾಮಿಗೆ ಎಳೆದುಕೊಂಡು ಹೋದಳು. ತಲೆಯ ಮೇಲೆ ಖಾಲಿ ಕೊಕ್ಕೆಗಳು ತೂಗುತ್ತಿದ್ದವು. ಬೂದು ಕಂಬಳಿ ಅಲ್ಲಿಗೂ ಬಂದು ಹಿಂದೆ ಕೂತಿತು.

ದಿಸೆಬೊ ತನ್ನ ಮುತ್ತಜ್ಜರ ಹೆಸರನ್ನು, ಅವರು ಏರಿದ ಕುದುರೆಗಳ ಬಣ್ಣವನ್ನು, ಅವರ ದನಗಳ ಕೊಂಬಿನ ಬಾಗನ್ನು ಒಂದೇ ಉಸಿರಿನಲ್ಲಿ ಹೇಳಿ ನಿಲ್ಲಿಸುವಳು. ನಿಲ್ಲಿಸಿದಲ್ಲೆಲ್ಲ ಜನ ಒಕ್ಕೊರಲಿನಿಂದ ಹೋ ಎಂದು ಕೂಗಬೇಕು. ಜನ ಅಂದರೆ ಪಿಟ್ಸೊ.

"ಹೋ," ಎಂದ ಪಿಟ್ಸೊ.

ದಿಸೆಬೊ ಪದ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟಳು. "ಯಾಕೆ, ನಮ್ಮಜ್ಜ ಏನು ಮೇಕೆ ಕಾಯ್ತಿದ್ನಾ? ಯುದ್ಧ ಮಾಡಿದೋನು. ಅವನಿಗೆ ಕೇಳೋ ಹಂಗೆ ಕೂಗು."

ಆಕೆಯ ಅಜ್ಜನಿಗೆ ಕೇಳುವಂತೆ ಕೂಗಬೇಕಾದರೆ ಭೂಮಿಯೊಳಕ್ಕೆ ಕೂಗಬೇಕಿತ್ತು. ಪಿಟ್ಸೊ ಕೂಗಿದ. ಆ ವಂಶದಲ್ಲಿ ಅಜ್ಜಂದಿರಿಗೆ ಬರವಿರಲಿಲ್ಲ. ಕೊನೆಯ ಅಜ್ಜ ಕುದುರೆಯಿಂದ ಇಳಿಯುವ ಹೊತ್ತಿಗೆ ಪಿಟ್ಸೊನ ಸ್ವರ ಒಡೆದು ಎರಡಾಗಿತ್ತು. ಒಂದು ಮೇಲಕ್ಕೆ ಹೋಗುತ್ತಿತ್ತು, ಇನ್ನೊಂದು ಹೊರಗೇ ಬರುತ್ತಿರಲಿಲ್ಲ.

ಇನ್ನು ಸಾಕು, ಕೋಣೆಗೆ ಹೋಗಿ ಬಾಯಿ ಮುಚ್ಚಿ ಮಲಗಬೇಕು ಎಂದು ಅವನು ಹೊರಟದ್ದು ನಿಜ. ಮಾರುಕಟ್ಟೆಯ ಮೈದಾನದಲ್ಲಿ ನ್ತಾತೆ ಮೊಲೆಫಿ, ಅಂದರೆ ಮೊಲೆಫಿ ಅಪ್ಪ, ಎದುರಾದ. ಅವನೂ ಅವನ ಗೆಳೆಯರೂ ಗಣಿಯಿಂದ ನಿವೃತ್ತರಾದ ಮುದುಕರು. ಕಂಬಳಿ ಹೊದ್ದು, ಹುಲ್ಲಿನ ಟೋಪಿ ಹಾಕಿಕೊಂಡು, ಗುಂಪಾಗಿ ಕಾಲು ಕುಟ್ಟಿ ಹಾಡುತ್ತಿದ್ದರು.

"ನಮ್ಮ ದಪ್ಪ ದನಿಯೋನಿಗೆ ಹಲ್ಲುನೋವು, ಮಗಾ," ಎಂದ ಮೊಲೆಫಿ. "ನೀನು ಬಂದು ಅವನ ಜಾಗದಲ್ಲಿ ನಿಲ್ಲು."

"ನ್ತಾತೆ, ನನ್ನ ಗಂಟಲು ಹೋಗಿದೆ."

"ನೋಡು, ಈಗಲೇ ಎಷ್ಟು ದಪ್ಪಗಿದೆ. ಅದೇ ಬೇಕಾಗಿರೋದು."

ಹಿರಿಯರಿಗೆ ಇಲ್ಲ ಅನ್ನುವುದು ಪಿಟ್ಸೊಗೆ ಬರುತ್ತಿರಲಿಲ್ಲ. ಹಲ್ಲುನೋವಿನವನ ಟೋಪಿ ಅವನ ತಲೆಗೇರಿತು. ಬೆಟ್ಟದ ಕಡೆಯಿಂದ ಹಿಮದ ಗಾಳಿ ಮೈದಾನಕ್ಕೆ ನೇರ ಬೀಸುತ್ತಿತ್ತು. ಬಾಯಿ ತೆಗೆದಾಗಲೆಲ್ಲ ಗಾಳಿ ಒಳಗೆ ನುಗ್ಗಿ, ಉಳಿದಿದ್ದ ದನಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತಿತ್ತು. ಹಾಡು ಮುಗಿದಾಗ ಅವನು ನ್ತಾತೆಗೆ ನಮಸ್ಕಾರ ಹೇಳಲು ಬಾಯಿ ತೆರೆದ. ಸೈಕಲ್ ಪಂಪಿನಿಂದ ಬರುವಂಥ ಒಂದು ಸದ್ದು ಬಂತು. ಅಷ್ಟೇ.

ಮನೆಯಲ್ಲಿ ಮ್ಮೆ ಮಾತ್ಶೆದಿಸೊ ಶುಂಠಿ, ಮೆಣಸಿನಕಾಯಿ, ವಿನೆಗರ್ ಸೇರಿಸಿ ಕುದಿಸಿ, ಮೂಗು ಹಿಡಿದು ಕುಡಿಸಿದಳು. "ಇದು ಕುಡಿದು ನಮ್ಮ ಪಾದ್ರಿ ಮೂರು ತಾಸು ಪ್ರಸಂಗ ಮಾಡಿದ್ರು," ಎಂದಳು. ಕುಡಿದ ಮೇಲೆ ಸೈಕಲ್ ಪಂಪಿನ ಸದ್ದೂ ನಿಂತುಹೋಯಿತು.

ಸಂಜೆ ಚರ್ಚಿನ ಹಾಲು ತುಂಬಿತು. ಪಿಟ್ಸೊ ಪರದೆಯ ಸಂದಿಯಿಂದ ನೋಡಿ ನಂಬಲಿಲ್ಲ. ಫಾಕಿಸೊ ತನ್ನ ಗೆಳೆಯರನ್ನು ತಂದಿದ್ದ. ದಿಸೆಬೊ ಮಾಂಸದಂಗಡಿಯವನ ಇಡೀ ಸಂಸಾರವನ್ನು ಕರೆತಂದಿದ್ದಳು. ಮುದುಕರು ತಮ್ಮ ಮುದುಕಿಯರೊಡನೆ ಬಂದಿದ್ದರು. ಹಲ್ಲುನೋವಿನವನೂ ದವಡೆಗೆ ಬಟ್ಟೆ ಕಟ್ಟಿಕೊಂಡು ಹಾಜರು. ಮೂಲೆಯಲ್ಲಿ ಬೂದು ಕಂಬಳಿ. ಜೀವಮಾನದಲ್ಲಿ ಮೊದಲ ಸಲ ಅವನ ಅಪ್ಪನ ಕಥೆ ಕೇಳಲು ಜನ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು.

ಪಿಟ್ಸೊ ಬೆಳಕಿಗೆ ಬಂದು ಬಾಯಿ ತೆರೆದ. ತುಟಿಗಳು ಅಲುಗಿದವು. ಜನ ಮುಂದಕ್ಕೆ ಬಾಗಿದರು. ಅವನು ಇನ್ನೊಮ್ಮೆ ಪ್ರಯತ್ನಿಸಿದ, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ.

"ಪಾಪ, ನಮಗೋಸ್ಕರ ಗಂಟಲು ಹರ್ಕೊಂಡಿದಾನೆ," ಎಂದು ಫಾಕಿಸೊ ಎದ್ದು ಬಂದ. "ನೀನು ಕೂತ್ಕೋ ಅಬುತಿ. ಕಿವೀಲಿ ಹೇಳು, ನಾನು ಜನಕ್ಕೆ ಹೇಳ್ತೀನಿ." ಪಿಟ್ಸೊನನ್ನು ಅಪ್ಪನ ಕುರ್ಚಿಯಲ್ಲೇ ಕೂರಿಸಿದ.

ಪಿಟ್ಸೊ ಅವನ ಕಿವಿಯಲ್ಲಿ ಉಸುರಿದ. ಫಾಕಿಸೊ ಜನರತ್ತ ತಿರುಗಿದ. "ಇವನ ಅಪ್ಪ ಗಣಿಯಿಂದ ಮನೆಗೆ ಬಂದಾಗ ಪೆಟ್ಟಿಗೇಲಿ ಏನೂ ತರಲಿಲ್ಲ, ಬರೀ ಕೆಮ್ಮು ತಂದ." ಹಾಲು ನಿಶ್ಶಬ್ದವಾಯಿತು. ಫಾಕಿಸೊಗೆ ನಿಶ್ಶಬ್ದ ತಡೆಯಲಾಗುವುದಿಲ್ಲ. "ನಮ್ಮತ್ತೆ ಬಂದಾಗ ಮೂರು ಪೆಟ್ಟಿಗೆ ತಂದ್ರು," ಎಂದ. ಜನ ಗೊಳ್ಳೆಂದರು. ಅಲ್ಲಿಂದ ಮುಂದೆ ಅತ್ತೆ ರಂಗದಿಂದ ಇಳಿಯಲೇ ಇಲ್ಲ.

ಸಿಟ್ಟುಗೊಂಡ ದಿಸೆಬೊ, "ಸತ್ತೋರ ಬಗ್ಗೆ ಮಾತಾಡೋ ರೀತಿ ಇದಲ್ಲ," ಎಂದು ಮೇಲೇರಿ ಫಾಕಿಸೊನನ್ನು ಪಕ್ಕಕ್ಕೆ ತಳ್ಳಿ, ಪಿಟ್ಸೊನ ಅಪ್ಪನನ್ನು ಹೊಗಳತೊಡಗಿದಳು. ಅವನ ಹೆಸರು ಗೊತ್ತಿಲ್ಲದ್ದರಿಂದ ತನ್ನ ಅಪ್ಪನ ಹೆಸರನ್ನು ಹಾಕಿಕೊಂಡಳು. ಗಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮೊಲೆಫಿಯ ಗುಂಪು ಎದ್ದಿತು. ನೆಲದಡಿಯಲ್ಲಿ ತಾವು ಬಿಟ್ಟುಬಂದ ಗೆಳೆಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು ಹಾಡಿತು. ಮುದುಕಿಯರು ಸೆರಗಿನಂತೆ ಕಂಬಳಿಯ ಅಂಚನ್ನು ಕಣ್ಣಿಗೊತ್ತಿಕೊಂಡರು. ಮಾಂಸದಂಗಡಿಯವನು ಬಿಕ್ಕಿದ.

ಈ ಎಲ್ಲದರ ನಡುವೆ ಪಿಟ್ಸೊ ಕುರ್ಚಿಯಲ್ಲಿ ಕೂತಿದ್ದ. ಬೆಳಿಗ್ಗೆಯಿಂದ ಅಭ್ಯಾಸವಾಗಿ ಹೋಗಿತ್ತೋ ಏನೋ, ಫಾಕಿಸೊನ ಅತ್ತೆಗೆ ಅವನ ಭುಜ ಕುಲುಕಿತು, ದಿಸೆಬೊ ನಿಲ್ಲಿಸಿದಲ್ಲಿ ಸದ್ದಿಲ್ಲದೆ ಬಾಯಿ ಹೋ ಎಂದಿತು, ಮುದುಕರ ಹಾಡಿಗೆ ಕಣ್ಣು ತುಂಬಿ ಹರಿಯಿತು. ಆಮೇಲೆ ಕೊನೆಯ ಮಾತು ನೆನಪಾಗಿ ಎದ್ದು ನಿಂತ. ಪಿಸುಗುಟ್ಟಿದರೂ ಸರಿ, ಅದೊಂದನ್ನು ಹೇಳಲೇಬೇಕು ಎಂದುಕೊಂಡ. ಅವನು ಎದ್ದದ್ದು ನೋಡಿ ಆಟ ಮುಗಿಯಿತೆಂದು ತಿಳಿದ ಜನ ಚಪ್ಪಾಳೆ ಶುರುಮಾಡಿದರು. ಅವನು ಹೇಳಿದ. ಅವನಿಗೇ ಕೇಳಿಸಲಿಲ್ಲ.

ಚಪ್ಪಾಳೆ ಇಳಿದ ಮೇಲೆ ಬೂದು ಕಂಬಳಿ ರಂಗದ ಹತ್ತಿರ ಬಂತು. ಮ್ಮೆ ಪುಸೆಲೆಟ್ಸೊ ಕನ್ನಡಕ ಒರೆಸಿಕೊಂಡು, ಫಾಕಿಸೊ, ದಿಸೆಬೊ, ಮುದುಕರ ಗುಂಪು, ಮೂವರಿಗೂ ಮುಂದಿನ ಮೂರು ಊರುಗಳಲ್ಲಿ ಜಾಗವಿದೆ ಎಂದಳು. ಮುದುಕರು ಟೋಪಿ ಹಾರಿಸಿದರು. ಆಮೇಲೆ ಆಕೆ ಪಿಟ್ಸೊನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮನ್ನ ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಎಷ್ಟೋ ವರ್ಷದಿಂದ ಊರೂರು ಸುತ್ತಿದೀನಪ್ಪ, ನಿಮ್ಮಂಥೋರನ್ನ ಕಂಡಿಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ."

ಪಿಟ್ಸೊಗೆ ಭಾವನ ನೀಲಿ ಅಂಗಿಯ ಗುಂಡಿಗಳು ಒಂದೊಂದೇ ಕಿತ್ತು ಬೀಳುತ್ತಿರುವಂತೆ ಅನಿಸಿತು.

"ನಮ್ಮ ಉತ್ಸವಗಳಲ್ಲಿ ಆಡೋರು ಬೇಕಾದಷ್ಟು ಜನ ಇದಾರೆ," ಎಂದಳು ಆಕೆ. "ನೋಡೋರೇ ಇಲ್ಲ. ನೀವು ಬಂದು ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿ ಕೂತ್ಕೊಳ್ಳಿ. ಊಟ, ವಸತಿ ನಮ್ಮದು. ನೀವೊಬ್ಬರು ನಕ್ಕರೆ ಹಾಲೇ ನಗುತ್ತೆ."

ನನ್ನ ನಾಟಕ ತರಬಹುದಾ ಎಂದು ಪಿಟ್ಸೊ ಕೇಳಿದ. ದನಿ ಹೊರಡಲಿಲ್ಲ. ಕುರ್ಚಿ ತೋರಿಸಿದ, ಎದೆ ಮುಟ್ಟಿಕೊಂಡ, ಮತ್ತೆ ಕೇಳಿದ.

"ಏನಂತಾರೆ ಇವರು?" ಎಂದು ಆಕೆ ಪಕ್ಕಕ್ಕೆ ತಿರುಗಿದಳು.

ಮ್ಮೆ ಮಾತ್ಶೆದಿಸೊ ಅಲ್ಲೇ ಇದ್ದಳು. "ತುಂಬ ಖುಷಿಯಾಗಿದೆಯಂತೆ," ಎಂದಳು. "ಕುರ್ಚಿ ಇದ್ದರೆ ಸಾಕಂತೆ."

ಪಿಟ್ಸೊ ಜೋರಾಗಿ ತಲೆಯಾಡಿಸಿದ. ಅಲ್ಲ ಎಂದು ಆಡಿಸಿದ್ದು ಕುಣಿಯುತ್ತಿದ್ದ ಮುದುಕರ ನೂಕಾಟದಲ್ಲಿ ಹೌದು ಎಂಬಂತೆ ಕಂಡಿರಬೇಕು. ಮ್ಮೆ ಪುಸೆಲೆಟ್ಸೊ ಮೆಚ್ಚುಗೆಯಿಂದ ಅವನ ಕೆನ್ನೆ ತಟ್ಟಿದಳು.

"ಬೆಳಿಗ್ಗೆ ನಮ್ಮ ಬಕ್ಕಿ ಗಾಡಿ ಬರುತ್ತೆ, ರೆಡಿಯಾಗಿರಿ," ಎಂದಳು. "ಗಂಟಲು ಹುಷಾರು. ನಗೋದಕ್ಕೆ ಬೇಕಾಗುತ್ತೆ."