ಅತ್ತೆಯ ಎಳೆ ರಂಗೋಲಿ

ಮನೆ ಬಾಗಿಲಲ್ಲಿ ಒಬ್ಬರು ಮೌನವಾಗಿ ಕೂತರೆ ಉಳಿದವರು ಏನಾದರೊಂದು ಎಡವಟ್ಟು ಮಾಡ್ಕೊಳ್ಳೋದು ಗ್ಯಾರಂಟಿ. ನಮ್ಮನೇಲಿ ಅದು ದಿನಾ ಬೆಳಗಿನ ಕತೆ. ನಾನು ನಗರಗೆರೆಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೇಲಿ. ನಮ್ಮತ್ತೆ ಅಕ್ಕಿಹಿಟ್ಟಲ್ಲಿ ಚುಕ್ಕಿ ಇಟ್ಟು, ಅದರ ಸುತ್ತ ಸೋರೆಬಳ್ಳಿ ಹಬ್ಬಿದ ಹಾಗೆ ಒಂದೇ ಎಳೆ ಎಳೀತಿದ್ರು. ಎಳೆ ಹೊರಟಲ್ಲಿಗೇ ವಾಪಸ್ ಬಂದು ಸೇರೋವರೆಗೂ ತುಟಿಪಿಟಕ್ ಅನ್ನೋರಲ್ಲ. "ಅದೇ ನನ್ನ ಧ್ಯಾನ ಕಣಮ್ಮ" ಅನ್ನೋರು.

೧. ಹುಬ್ಬು

ಬಂದ ಹೊಸದು. ಅತ್ತೆ ಎಳೆ ಎಳೀತಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ರು. ರಂಗೋಲಿ ಹೇಗಿದೆ ಅಂತ ಕೇಳ್ತಿದಾರೆ ಅಂದ್ಕೊಂಡು ಹೊಗಳಿದೆ. ಆಮೇಲೆ ಕಣ್ಣು, ಗದ್ದ ಎಲ್ಲಾ ಆಡಿಸಿದ್ರು. ನಾನೂ ಹೊಗಳಿದ್ದೇ ಹೊಗಳಿದ್ದು. ಎಳೆ ಸೇರಿದ್ದೇ ತಡ, "ಅಯ್ಯೋ, ಕರು ಕಣೇ!" ಅಂತ ಕೂಗಿದ್ರು. ತಿರುಗಿ ನೋಡಿದರೆ ನನ್ನ ಮದುವೆ ಸೀರೆ ಸೆರಗು ಅರ್ಧ ಕರುವಿನ ಬಾಯೊಳಗೆ ಹೋಗಿತ್ತು.

೨. ಪಕ್ಕದ ಮನೆ

ನಾನು ಹಾಕಿದ ಎಳೆ ಜಪ್ಪಯ್ಯ ಅಂದ್ರೂ ಸೇರ್ತಿರಲಿಲ್ಲ. ಸೇರಿಸಲೇಬೇಕು ಅಂತ ಒಂದಿನ ಚುಕ್ಕಿ ಪಕ್ಕ ಚುಕ್ಕಿ ಇಟ್ಕೊಂಡು ಹೋಗಿ ಪಕ್ಕದ ಮನೆ ಬಾಗಿಲು ಮುಟ್ಟಿದೆ. ಅಲ್ಲಿಯ ತೆಲುಗಿನಮ್ಮ ಆಚೆ ಬಂದು, "ಏಮಮ್ಮಾ, ನಮ್ ಬಾಗ್ಲಿಗೂ ನೀನೇ ಹಾಕೋದಾದ್ರೆ ಮೊದಲೇ ಹೇಳ್ಬಾರ್ದಾ? ಇನ್ನೊಂದು ನಿದ್ದೆ ಮಾಡ್ತಿದ್ದೆ!" ಅಂದ್ರು. ಅತ್ತೆ ನಕ್ಕೂ ನಕ್ಕೂ ಸುಸ್ತಾದ್ರು, ಆದ್ರೆ ಅದನ್ನ ಅಳಿಸೋಕೆ ಬಿಡಲಿಲ್ಲ.

೩. ಡಬ್ಬ

ನಾಲ್ಕೈದು ವರ್ಷದ ಮೇಲೆ ಅತ್ತೆ ಕಣ್ಣು ಮಂಜಾಯ್ತು. ಹೇಳಿದರೆ ರಂಗೋಲಿ ಹಾಕೋದನ್ನೇ ನಿಲ್ಲಿಸಿಬಿಡ್ತಾರೆ ಅನ್ನೋ ಭಯಕ್ಕೆ ಬಾಯಿಬಿಡಲಿಲ್ಲ. ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ಒಂದಿನ ಮಾವ ಚಿಂತಾಮಣಿ ಬಸ್ಸಿಗೆ ಬೇಗ ಹೊರಡಬೇಕಿತ್ತು. ಅತ್ತೆ ಮೊದಲು ಅವರಿಗೆ ರಾಗಿ ಗಂಜಿ ಕಾಯಿಸಿಟ್ಟು, ಆಮೇಲೆ ರಂಗೋಲಿಗೆ ಕೂತ್ರು. ನಾನು ಬಂದು ನೋಡ್ತೀನಿ, ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಕಾಣಿಸ್ತಾನೇ ಇಲ್ಲ! ಅವರ ಕೈಲಿದ್ದ ಡಬ್ಬದಲ್ಲಿ ಇದ್ದದ್ದು ರಾಗಿಹಿಟ್ಟು.

ಎಳೆ ಸೇರಿಸಿ ಅತ್ತೆ "ಹೇಗಿದೆಯೇ?" ಅಂದ್ರು.

"ಮಲ್ಲಿಗೆ ಹೂವಿನ ಥರ ಇದೆ ಅತ್ತೆ."

"ಸುಳ್ಳು ಹೇಳ್ಬೇಡ. ಕಣ್ಣು ಹೋಗಿರಬಹುದು, ಮೂಗು ಹೋಗಿಲ್ಲ. ರಾಗಿ ವಾಸನೆ ಹೊಡೀತಿದೆ" ಅಂದು ಸೆರಗಲ್ಲಿ ಕಣ್ಣೊರೆಸಿಕೊಂಡ್ರು. "ನಿಮ್ಮ ಮಾವನಿಗೆ ಗೊತ್ತಾದ್ರೆ ಇನ್ನು ಹಿಟ್ಟಿನ ಡಬ್ಬ ಮುಟ್ಟೋಕೂ ಬಿಡಲ್ಲ ಕಣಮ್ಮ."

ನಾನು ಅವರ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಮಾವನ ಕೂಗು ಬಂತು: "ಏನೇ, ಇವತ್ತೇನು ಹಬ್ಬಾನಾ? ಅಕ್ಕಿ ಗಂಜಿ ಮಾಡಿದೀಯ! ದಿನಾ ಹೀಗೇ ಮಾಡ್ಬಾರ್ದೇನೇ?"